ಕಾಯಿಲೆ ವಾಸಿ ಮಾಡುವವರು ಕಲಿಸುವುದನ್ನೂ ಕಲಿಯಬೇಕು

(ನಮ್ಮ ಹಾಲು ಉತ್ಪಾದಕರ ಸಹಕಾರ ಸಂಘದ ಬೆಳ್ಳಿ ಹಬ್ಬದ ಅಂಗವಾಗಿ ಏರ್ಪಡಿಸಿದ್ದ ಆರೋಗ್ಯ ಶಿಬಿರದ ದಿನ, ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ ಮತ್ತು ನಾಗಮಂಗಲ ತಾಲ್ಲೂಕುಗಳ ಸಂಘಗಳ ಪ್ರತಿನಿಧಿಗಳ ಸಭೆಯಲ್ಲಿ ಸಂಘದ ನಿರ್ದೇಶಕರೊಬ್ಬರು ಮಾಡಿದ ಭಾಷಣದ ಬರಹ ರೂಪ.)





ಈ ವಿಷಯದ ಮೇಲೆ ನಾವು ಮಾತಾಡುತ್ತೇವೆ ಅಂದಾಗ ಒಂದಿಬ್ಬರು ಕೇಳಿದರು, "ಅಲ್ಲ ಕಣಪ್ಪ, ಹಾಲಿನ ಡೇರಿಗೂ, ಡಾಕ್ಟರುಗಳಿಗೆ ಪಾಠ ಹೇಳೋದು ಕಲಿಸೋದಕ್ಕೂ ಎಲ್ಲಿಂದೆಲ್ಲಿಗೆ ಸಂಬಂಧ?" ಅಂತ. ಸಂಬಂಧ ಇದೆ. ವರ್ಷವೆಲ್ಲ ಎರಡು ಹೊತ್ತು ಹಾಲು ಹಾಕಿ ಕೂಡಿಸಿದ ದುಡ್ಡು ಒಂದು ಸಲ ಆಸ್ಪತ್ರೆ ಸೇರಿದರೆ ಹೋಗುತ್ತದೆ. 2003ರಲ್ಲಿ ಸಹಕಾರ ಸಂಘಗಳ ಸದಸ್ಯರಿಗಾಗಿ ಯಶಸ್ವಿನಿ ಯೋಜನೆ ಬಂದಾಗ ವಂತಿಗೆ ಕಟ್ಟಿಸಿಕೊಂಡದ್ದು ನಮ್ಮಂಥ ಸಂಘಗಳೇ. 2018ರಲ್ಲಿ ಅದು ಬೇರೆ ಯೋಜನೆಯಲ್ಲಿ ಸೇರಿಹೋಯಿತು, 2023ರ ಆರಂಭದಿಂದ ಮತ್ತೆ ಜಾರಿಗೆ ಬಂತು. ಆಪರೇಷನ್ನಿನ ಖರ್ಚಿಗೆ ದಾರಿ ಮಾಡಿಕೊಳ್ಳುವುದು ಒಳ್ಳೆಯದೇ. ಆದರೆ ಆಪರೇಷನ್ನಿನ ತನಕ ಹೋಗದ ಹಾಗೆ ಮಾಡಬಹುದಾದ ಕಾಯಿಲೆಗಳು ಎಷ್ಟೋ ಇವೆ. ಅಲ್ಲಿ ಕೆಲಸಕ್ಕೆ ಬರುವುದು ತಿಳಿವಳಿಕೆ. ಅದನ್ನು ಕೊಡಬೇಕಾದವರು ವೈದ್ಯರು, ನರ್ಸುಗಳು, ಆಶಾ ಕಾರ್ಯಕರ್ತೆಯರು. ಅವರಿಗೆ ಅದನ್ನು ಕೊಡುವ ಬಗೆ ಯಾರು ಕಲಿಸಿದ್ದಾರೆ? ನಮ್ಮ ಇವತ್ತಿನ ಮಾತು ಇಷ್ಟೇ.

ನಾವು ಎಸ್.ಎಸ್.ಎಲ್.ಸಿ. ಓದಿದ ರೈತರು. ವೈದ್ಯಶಾಸ್ತ್ರ ನಮಗೆ ಗೊತ್ತಿಲ್ಲ. ಆದರೆ ಕಲಿಸಿದ್ದು ತಲೆಗೆ ಹೋಯಿತೋ ಇಲ್ಲವೋ ಅನ್ನುವುದು ಕಲಿಯುವವನಿಗೆ ತಾನೇ ಗೊತ್ತಾಗುವುದು? ಆ ಅಧಿಕಾರದ ಮೇಲೆ ಮಾತಾಡುತ್ತಿದ್ದೇವೆ. ತಿಳಿಯದ್ದನ್ನು ಮೆಡಿಕಲ್ ಕಾಲೇಜಿನ ಅಧ್ಯಾಪಕರೊಬ್ಬರ ಹತ್ತಿರ ಕೇಳಿ ತಿಳಿದುಕೊಂಡು ಬಂದಿದ್ದೇವೆ.

ನಮ್ಮ ಊರಿನ ಹಿರಿಯರೊಬ್ಬರ ಸಂಗತಿ ಹೇಳುತ್ತೇವೆ. ಅವರಿಗೆ ಸಕ್ಕರೆ ಕಾಯಿಲೆ ಅಂತ ಗೊತ್ತಾಯಿತು. ಪಟ್ಟಣದ ಒಂದು ಆಸ್ಪತ್ರೆಯಲ್ಲಿ ಚೆನ್ನಾಗಿಯೇ ನೋಡಿದರು. ರಕ್ತ ಪರೀಕ್ಷೆ ಆಯಿತು, ಸರಿಯಾದ ಮಾತ್ರೆಯನ್ನೇ ಬರೆದುಕೊಟ್ಟರು. "ಅನ್ನ ಕಡಿಮೆ ಮಾಡಿ, ಕಾಲು ಜೋಪಾನ, ತಿಂಗಳು ಬಿಟ್ಟು ಬನ್ನಿ" ಅಂದರು. ತಿಂಗಳಿಗೆ ಮಾತ್ರೆ ಮುಗಿಯಿತು. ಸುಸ್ತು ಕಡಿಮೆಯಾಗಿತ್ತು. ಹಿರಿಯರು ಮತ್ತೆ ಹೋಗಲಿಲ್ಲ. ಆಮೇಲೆ ಕೇಳಿದಾಗ ಅವರು ಹೇಳಿದ್ದು: "ಮಾತ್ರೆ ಮುಗುದೋಯ್ತು, ಕಾಯ್ಲೇನೂ ಮುಗುದೋಯ್ತು ಅನ್ಕಂಡೆ ಕಣಪ್ಪ. ಜ್ವರ ಬಂದ್ರೆ ಹಂಗೇ ಅಲ್ವಾ ಮಾಡೋದು?" ಕಾಲು ಜೋಪಾನ ಅಂದರೆ ಬಿದ್ದು ಮುರಿದುಕೊಳ್ಳಬೇಡಿ ಅಂತ ಅವರು ತಿಳಿದಿದ್ದರು. ಈ ಕಾಯಿಲೆಯಲ್ಲಿ ಪಾದದ ಸ್ಪರ್ಶಜ್ಞಾನ ಹೋಗುತ್ತದೆ, ಮುಳ್ಳು ಚುಚ್ಚಿದರೂ ತಿಳಿಯುವುದಿಲ್ಲ, ಬರಿಗಾಲಲ್ಲಿ ಗದ್ದೆಗೆ ಇಳಿಯಬಾರದು, ರಾತ್ರಿ ಮಲಗುವಾಗ ಅಂಗಾಲು ನೋಡಿಕೊಳ್ಳಬೇಕು ಅಂತ ಬಿಡಿಸಿ ಹೇಳಿದವರಿಲ್ಲ. ಮುಳ್ಳು ಚುಚ್ಚಿತು, ಹುಣ್ಣಾಯಿತು, ಕೊನೆಗೆ ಮೊಣಕಾಲಿನ ಕೆಳಗೆ ತೆಗೆಯಬೇಕಾಯಿತು. ಹಸು ಮಾರಿದರು. ಸಂಘಕ್ಕೆ ಹಾಲು ಹಾಕುವುದು ನಿಂತಿತು.

ಇಲ್ಲಿ ಔಷಧಿ ತಪ್ಪಿರಲಿಲ್ಲ. ರೋಗ ಕಂಡುಹಿಡಿದದ್ದೂ ಸರಿಯಾಗಿತ್ತು. ತಪ್ಪಿದ್ದು ಪಾಠ. "ನಾನು ಹೇಳಿದ್ದನ್ನ ನೀವೊಂದು ಸಲ ಹೇಳಿ ಯಜಮಾನರೇ" ಅಂತ ಯಾರಾದರೂ ಕೇಳಿದ್ದರೆ ಅರ್ಧ ನಿಮಿಷದಲ್ಲಿ ಗೊತ್ತಾಗುತ್ತಿತ್ತು.

ಡಾಕ್ಟರ್ ಅನ್ನುವ ಪದ ಲ್ಯಾಟಿನ್ ಭಾಷೆಯದಂತೆ, ಅದರ ಮೂಲ ಅರ್ಥ "ಕಲಿಸುವವನು" ಅಂತೆ. ಅಧ್ಯಾಪಕರು ಇದನ್ನು ಹೇಳಿದಾಗ ನಮಗೆ ಆಶ್ಚರ್ಯವಾಯಿತು. ಹೆಸರಿನಲ್ಲೇ ಕಲಿಸುವುದು ಇದ್ದರೂ, ಕಲಿಸುವ ವಿದ್ಯೆಯನ್ನು ಡಾಕ್ಟರಿಗೆ ಕಲಿಸಬೇಕು ಅನ್ನುವ ಯೋಚನೆ ಬಹಳ ಹಳೆಯದಲ್ಲ. ಪ್ರೈಮರಿ ಶಾಲೆ ಮೇಷ್ಟ್ರಾಗಬೇಕಾದರೆ ಟಿ.ಸಿ.ಎಚ್. ಆಗಬೇಕಿತ್ತು, ಆಮೇಲೆ ಡಿ.ಎಡ್. ಬಂತು, ಹೈಸ್ಕೂಲಿಗೆ ಬಿ.ಎಡ್. ಬೇಕು. ಮೆಡಿಕಲ್ ಕಾಲೇಜಿನಲ್ಲಿ ಮುಂದಿನ ಡಾಕ್ಟರುಗಳಿಗೆ ಪಾಠ ಮಾಡುವವರಿಗೆ ಅಂಥದ್ದೇನೂ ಇರಲಿಲ್ಲ. ದೊಡ್ಡ ಸರ್ಜನ್ ಆಗಿದ್ದರೆ ಪಾಠವನ್ನೂ ಚೆನ್ನಾಗಿ ಮಾಡುತ್ತಾರೆ ಅಂತ ಲೆಕ್ಕ. ನರ್ಸಿಂಗ್ ಓದುವವರಿಗೆ ಮಾತ್ರ ಸಂವಹನ ಮತ್ತು ಬೋಧನೆ ಒಂದು ವಿಷಯವಾಗಿಯೇ ಪಠ್ಯದಲ್ಲಿದೆ. ಅಷ್ಟರ ಮಟ್ಟಿಗೆ ನರ್ಸಮ್ಮನವರು ಮುಂದಿದ್ದಾರೆ.

ಅಮೆರಿಕದ ಬಫೆಲೋ ಎಂಬ ಊರಿನ ವಿಶ್ವವಿದ್ಯಾಲಯದಲ್ಲಿ 1950ರ ದಶಕದಲ್ಲಿ ಜಾರ್ಜ್ ಮಿಲ್ಲರ್ ಅನ್ನುವ ವೈದ್ಯರು ಶಿಕ್ಷಣಶಾಸ್ತ್ರ ಓದಿದವರನ್ನೂ ಡಾಕ್ಟರುಗಳನ್ನೂ ಒಟ್ಟಿಗೆ ಕೂರಿಸಿ ಈ ಕೆಲಸ ಶುರುಮಾಡಿದರು. ಅವರೇ 1990ರಲ್ಲಿ ಕಲಿಕೆಗೆ ನಾಲ್ಕು ಮೆಟ್ಟಿಲು ಹೇಳಿದರು. ಮೊದಲನೆಯದು ವಿಷಯ ಗೊತ್ತಿರುವುದು. ಎರಡನೆಯದು ಹೇಗೆ ಮಾಡಬೇಕೆಂದು ಗೊತ್ತಿರುವುದು. ಮೂರನೆಯದು ಮಾಡಿ ತೋರಿಸುವುದು. ನಾಲ್ಕನೆಯದು ಯಾರೂ ನೋಡದಿದ್ದಾಗಲೂ ದಿನನಿತ್ಯ ಮಾಡುವುದು.

ಇದನ್ನು ಕೇಳಿದಾಗ ನಮಗೆ ಕೆಚ್ಚಲು ಬಾವಿನ ಪಾಠ ನೆನಪಾಯಿತು. ಸಂಘ ಶುರುವಾದ ಹೊಸತರಲ್ಲಿ ಒಬ್ಬರು ಬಂದು ಮೈಕಿನಲ್ಲಿ ಒಂದು ಗಂಟೆ ಕೆಚ್ಚಲು ಬಾವಿನ ಬಗ್ಗೆ ಭಾಷಣ ಮಾಡಿದರು. ಎಲ್ಲರೂ ಚಪ್ಪಾಳೆ ತಟ್ಟಿದೆವು. ಮನೆಗೆ ಹೋಗಿ ಹಿಂದಿನ ಹಾಗೆಯೇ ಹಾಲು ಕರೆದೆವು. ಆಮೇಲೆ ಬಂದ ವಿಸ್ತರಣಾಧಿಕಾರಿ ಭಾಷಣ ಮಾಡಲಿಲ್ಲ. ಕೊಟ್ಟಿಗೆಗೆ ಬಂದರು. ಒಂದು ಕಪ್ಪು ಬಟ್ಟೆ ತರಿಸಿದರು. ಮೊದಲ ಎರಡು ಪಟ್ಟು ಹಾಲನ್ನು ಅದರ ಮೇಲೆ ಕರೆದು, ಗರಣೆ ಇದೆಯೇ ನೋಡಿ ಅಂದರು. ಆಮೇಲೆ ನಮ್ಮ ಮನೆ ಹೆಂಗಸರ ಕೈಯಲ್ಲಿ ಒಬ್ಬೊಬ್ಬರಾಗಿ ಮಾಡಿಸಿದರು. ಹದಿನೈದು ದಿನ ಬಿಟ್ಟು, ಹೇಳದೆ ಕೇಳದೆ, ಬೆಳಿಗ್ಗೆ ಐದೂವರೆಗೆ ಬಂದು ನೋಡಿದರು. ನಾಲ್ಕೂ ಮೆಟ್ಟಿಲು ಅಲ್ಲೇ ಇದ್ದವು. ಮೊದಲನೆಯವರಿಗೂ ವಿಷಯ ಅಷ್ಟೇ ಗೊತ್ತಿತ್ತು. ಕಲಿಸಲು ಬಂದದ್ದು ಎರಡನೆಯವರಿಗೆ. ಕಲಿಸುವುದೂ ಒಂದು ಕಸುಬು. ಕಸುಬನ್ನು ಯಾರು ಬೇಕಾದರೂ ಕಲಿಯಬಹುದು.

ಈ ಯೋಚನೆ ನಮ್ಮ ಸೀಮೆಗೆ ಹೊಸದಲ್ಲ. ಕನ್ನಂಬಾಡಿ ಕಟ್ಟೆಯ ನೀರು ನಾಲೆಗೆ ಬಂದ ಕಾಲದಲ್ಲಿ ಬತ್ತ, ಕಬ್ಬಿನ ಜೊತೆಗೆ ಸೊಳ್ಳೆಯೂ ಚಳಿಜ್ವರವೂ ಬಂದವು. ನಮ್ಮ ತಾತಂದಿರು ಹೇಳುತ್ತಿದ್ದರು, ಒಂದೊಂದು ಮನೆಯಲ್ಲಿ ನೀರು ಕೊಡುವವರಿಲ್ಲದ ಹಾಗೆ ಎಲ್ಲರೂ ಮಲಗಿರುತ್ತಿದ್ದರಂತೆ. ಆಗ ಮೈಸೂರು ಸಂಸ್ಥಾನ ಅಮೆರಿಕದ ರಾಕ್‌ಫೆಲರ್ ಪ್ರತಿಷ್ಠಾನದ ನೆರವಿನಿಂದ ಮೈಸೂರಿಗೂ ಶ್ರೀರಂಗಪಟ್ಟಣಕ್ಕೂ ನಡುವೆ ಇರುವ ನಾಗನಹಳ್ಳಿಯಲ್ಲಿ ಮಲೇರಿಯಾ ಕೇಂದ್ರ ಮಾಡಿತು. 1929ರಲ್ಲಿ ಮಂಡ್ಯದಲ್ಲಿ ಗ್ರಾಮಾಂತರ ಆರೋಗ್ಯ ಘಟಕ ಶುರುವಾಯಿತು. 1930ರ ದಶಕದಲ್ಲಿ ರಾಮನಗರದಲ್ಲೂ ಅಂಥ ಘಟಕ ಆಗಿ, ಆರೋಗ್ಯ ಇಲಾಖೆಯ ನೌಕರರು ಹಳ್ಳಿಯಲ್ಲೇ ಇದ್ದು ಕೆಲಸ ಕಲಿಯುವ ಜಾಗವಾಯಿತು. ಆಸ್ಪತ್ರೆಯಲ್ಲಿ ಕೂತವರಿಗೆ ಹಳ್ಳಿಯ ಆರೋಗ್ಯ ತಿಳಿಯುವುದಿಲ್ಲ, ಕಲಿಯುವ ಜಾಗ ಹಳ್ಳಿಯೇ ಆಗಬೇಕು ಅನ್ನುವುದನ್ನು ಆ ಕಾಲದವರೇ ಕಂಡುಕೊಂಡಿದ್ದರು.

ಇನ್ನೊಂದು ಉದಾಹರಣೆ ನಮ್ಮ ಹಾಲಿನ ಸಂಘಗಳು ಹೆಮ್ಮೆಪಡಬೇಕಾದ್ದು. ಶಿಡ್ಲಘಟ್ಟ ತಾಲ್ಲೂಕಿನ ಮಳ್ಳೂರು ಆಗ ಕೋಲಾರ ಜಿಲ್ಲೆಗೆ ಸೇರಿತ್ತು, ಈಗ ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿದೆ. ಅಲ್ಲಿನ ಹಾಲು ಸಹಕಾರ ಸಂಘದವರು 1973ರಲ್ಲಿ ಬೆಂಗಳೂರಿನ ಸೇಂಟ್ ಜಾನ್ಸ್ ಮೆಡಿಕಲ್ ಕಾಲೇಜಿನ ಜೊತೆ ಸೇರಿ ಆರೋಗ್ಯ ಸಹಕಾರ ಕೇಂದ್ರ ಮಾಡಿದರು. ಹಾಕಿದ ಹಾಲಿನ ಪ್ರತಿ ಲೀಟರಿಗೆ ಕೆಲವು ಪೈಸೆ ಹಿಡಿದು ಅದರಿಂದ ಖರ್ಚು ನಡೆಸಿದರು. ಕಾಲೇಜಿಗೆ ತನ್ನ ಎಳೆಯ ಡಾಕ್ಟರುಗಳನ್ನು ತರಬೇತಿಗೆ ಕಳಿಸಲು ಒಂದು ಹಳ್ಳಿ ಸಿಕ್ಕಿತು, ಹಳ್ಳಿಗೆ ವೈದ್ಯರು ಸಿಕ್ಕರು. ದುಡ್ಡು ಹಳ್ಳಿಯವರದಾಗಿದ್ದರಿಂದ ಕೇಳುವ ಹಕ್ಕೂ ಹಳ್ಳಿಯವರಿಗಿತ್ತು. ಹಾಲಿನ ಸಂಘ ಆರೋಗ್ಯದ ಮಾತಾಡುವುದು ಅತಿಪ್ರಸಂಗ ಅನ್ನುವವರಿಗೆ ಮಳ್ಳೂರೇ ಉತ್ತರ.

ಅಧ್ಯಾಪಕರಿಗೆ ಪಾಠದ ತರಬೇತಿ ಕೊಡುವ ಕೆಲಸ ನಮ್ಮ ದೇಶದಲ್ಲಿ ಗಟ್ಟಿಯಾಗಿ ಶುರುವಾದದ್ದು ಪಾಂಡಿಚೇರಿಯ ಜಿಪ್ಮರ್ ಸಂಸ್ಥೆಯಲ್ಲಿ. 1975ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ ಅಲ್ಲಿ ರಾಷ್ಟ್ರೀಯ ಶಿಕ್ಷಕರ ತರಬೇತಿ ಕೇಂದ್ರ ಆಯಿತು. ಭಾರತೀಯ ವೈದ್ಯಕೀಯ ಪರಿಷತ್ತು 1997ರ ನಿಯಮದಲ್ಲಿ ಪ್ರತಿ ಕಾಲೇಜಿನಲ್ಲೂ ವೈದ್ಯಕೀಯ ಶಿಕ್ಷಣ ಘಟಕ ಇರಬೇಕು ಅಂದಿತು. 2009ರಿಂದ ಅಧ್ಯಾಪಕರಿಗೆ ಮೂಲ ತರಬೇತಿ ಕಾರ್ಯಾಗಾರಗಳನ್ನು ಶುರುಮಾಡಿತು. ಪರಿಷತ್ತಿನ ಜಾಗಕ್ಕೆ 2020ರಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗ ಬಂದಿದೆ. ನಮ್ಮ ಜಿಲ್ಲೆಯಲ್ಲೇ ನಾಗಮಂಗಲ ತಾಲ್ಲೂಕಿನ ಬಿ.ಜಿ. ನಗರದಲ್ಲಿ 1980ರ ದಶಕದಿಂದ ಆದಿಚುಂಚನಗಿರಿ ವೈದ್ಯಕೀಯ ಕಾಲೇಜು ಇದೆ. ಮಂಡ್ಯದಲ್ಲಿ 2000ದ ದಶಕದಲ್ಲಿ ಸರ್ಕಾರಿ ಮೆಡಿಕಲ್ ಕಾಲೇಜು, ಅಂದರೆ ಮಿಮ್ಸ್, ಶುರುವಾಯಿತು. ನಮ್ಮ ನಾಲ್ಕು ತಾಲ್ಲೂಕಿನವರು ಡಾಕ್ಟರುಗಳು ತಯಾರಾಗುವ ಜಾಗಕ್ಕೆ ಹೋಗಬೇಕಾದರೆ ಈಗ ಬೆಂಗಳೂರಿನ ಬಸ್ಸು ಹತ್ತಬೇಕಾಗಿಲ್ಲ.

ಆ ಕಾರ್ಯಾಗಾರದಲ್ಲಿ ಏನು ಮಾಡುತ್ತಾರೆ ಅಂತ ವಿವರವಾಗಿ ಕೇಳಿದೆವು. ಮೊದಲು ಪಾಠದ ಗುರಿ ಬರೆಸುತ್ತಾರೆ. "ವಿದ್ಯಾರ್ಥಿಗೆ ನಿರ್ಜಲೀಕರಣದ ಬಗ್ಗೆ ತಿಳಿಯುತ್ತದೆ" ಅಂತ ಬರೆದರೆ ಹೊಡೆದು ಹಾಕುತ್ತಾರೆ. ತಿಳಿಯಿತು ಅನ್ನುವುದನ್ನು ಯಾರು ನೋಡಿದರು? "ಭೇದಿಯಾಗುತ್ತಿರುವ ಮಗುವನ್ನು ನೋಡಿ ನೀರಿನಂಶ ಎಷ್ಟು ಕಡಿಮೆಯಾಗಿದೆ ಎಂದು ಹೇಳುತ್ತಾನೆ, ತಾಯಿಯ ಕೈಯಲ್ಲಿ ಓ.ಆರ್.ಎಸ್. ಕಲಸಿಸುತ್ತಾನೆ" ಅಂತ ಬರೆಯಬೇಕು. ಕಣ್ಣಿಗೆ ಕಾಣುವ ಕೆಲಸವನ್ನೇ ಗುರಿಯಾಗಿ ಇಡಬೇಕು.

ಎರಡನೆಯದು ಸಣ್ಣ ಪಾಠ. ಇಪ್ಪತ್ತು ವರ್ಷ ಅನುಭವ ಇರುವ ಪ್ರೊಫೆಸರ್ ಆದರೂ ಐದಾರು ನಿಮಿಷ ಒಂದು ಸಣ್ಣ ವಿಷಯವನ್ನು ಸಹೋದ್ಯೋಗಿಗಳ ಮುಂದೆ ಕಲಿಸಬೇಕು. ಉಳಿದವರು ಚೀಟಿ ಇಟ್ಟುಕೊಂಡು ಗುರುತು ಹಾಕುತ್ತಾರೆ. ಪ್ರಶ್ನೆ ಕೇಳಿದರೇ? ಉತ್ತರಕ್ಕೆ ಕಾದರೇ? ಉದಾಹರಣೆ ಕೊಟ್ಟರೇ? ಬೋರ್ಡಿಗೆ ಮುಖ ಮಾಡಿ ಮಾತಾಡಿದರೇ? ಆಮೇಲೆ ಮೊದಲು ಚೆನ್ನಾಗಿದ್ದದ್ದನ್ನು ಹೇಳಿ, ನಂತರ ತಿದ್ದಬೇಕಾದ್ದನ್ನು ಹೇಳುತ್ತಾರೆ. ಅವರು ಅದೇ ಪಾಠವನ್ನು ಮತ್ತೆ ಮಾಡುತ್ತಾರೆ.

ಮೂರನೆಯದು ಪರೀಕ್ಷೆ ಮಾಡುವ ಬಗೆ. ಸ್ಕಾಟ್ಲೆಂಡಿನ ಡಂಡಿಯಲ್ಲಿ ರೊನಾಲ್ಡ್ ಹಾರ್ಡನ್ ಅನ್ನುವವರು 1975ರಲ್ಲಿ ಒಂದು ವಿಧಾನ ತಂದರು. ಹತ್ತಾರು ಮೇಜು ಇಟ್ಟಿರುತ್ತಾರೆ. ವಿದ್ಯಾರ್ಥಿ ಒಂದೊಂದು ಮೇಜಿನಲ್ಲಿ ಕೆಲವೇ ನಿಮಿಷ ಒಂದೊಂದು ಕೆಲಸ ಮಾಡಿ ತೋರಿಸಬೇಕು. ಒಂದು ಕಡೆ ಬಿ.ಪಿ. ನೋಡಬೇಕು, ಒಂದು ಕಡೆ ಎಕ್ಸ್‌ರೇ ಓದಬೇಕು, ಇನ್ನೊಂದು ಕಡೆ ರೋಗಿಗೆ ಮಾತ್ರೆ ಹೇಗೆ ತೆಗೆದುಕೊಳ್ಳಬೇಕು ಅಂತ ವಿವರಿಸಬೇಕು. ವಿವರಿಸುವುದಕ್ಕೂ ಅಂಕ ಇದೆ ಅನ್ನುವುದನ್ನು ಗಮನಿಸಿ.

2019ರಲ್ಲಿ ಎಂ.ಬಿ.ಬಿ.ಎಸ್. ಪಠ್ಯಕ್ರಮವೇ ಬದಲಾಯಿತು. ನಡವಳಿಕೆ, ನೀತಿ ಮತ್ತು ರೋಗಿಯ ಜೊತೆ ಮಾತಾಡುವ ಬಗೆ ಪಾಠವಾಗಿ ಸೇರಿತು. ಕಾಲೇಜು ಸೇರಿದ ಮೊದಲ ದಿನಗಳ ಬುನಾದಿ ತರಗತಿಯಲ್ಲಿ ಸ್ಥಳೀಯ ಭಾಷೆ ಕಲಿಯುವುದೂ ಸೇರಿತು. ಬೇರೆ ರಾಜ್ಯದಿಂದ ಬಂದ ಮಕ್ಕಳು ನಮ್ಮ ಕಾಲೇಜುಗಳಲ್ಲಿ ಕನ್ನಡ ಕಲಿಯುತ್ತಿದ್ದಾರೆ. 2021-22ರಲ್ಲಿ ಸೇರಿದವರಿಂದ ಮೊದಲ್ಗೊಂಡು ಪ್ರತಿ ವಿದ್ಯಾರ್ಥಿಯೂ ಹಳ್ಳಿಯ ಕೆಲವು ಕುಟುಂಬಗಳನ್ನು ದತ್ತು ತೆಗೆದುಕೊಂಡು, ಓದಿನ ವರ್ಷಗಳಲ್ಲಿ ಆಗಾಗ ಬಂದು ನೋಡಬೇಕು ಅಂತ ಆಗಿದೆ. ಇವತ್ತು ಮುಂದಿನ ಸಾಲಿನಲ್ಲಿ ಕೂತಿರುವ ಮಕ್ಕಳು ಆ ಕಾರ್ಯಕ್ರಮದವರೇ.

ಇಷ್ಟೆಲ್ಲ ಆಗಿದೆಯಲ್ಲ, ಮತ್ತೇನು ಬೇಕು ಅನ್ನಬಹುದು. ನಾಲೆಯಲ್ಲಿ ನೀರು ಬಿಟ್ಟಿದ್ದಾರೆ ಅಂದ ಮಾತ್ರಕ್ಕೆ ಕೊನೆಯ ಗದ್ದೆಗೆ ನೀರು ಬಂತು ಅಂತ ಅಲ್ಲ. ಅದು ಕೊನೆಭಾಗದ ರೈತರಿಗೆ ಚೆನ್ನಾಗಿ ಗೊತ್ತು. ಇಲ್ಲೂ ಹಾಗೆಯೇ. ಆಶಾ ಅಕ್ಕಂದಿರನ್ನೇ ನೋಡಿ. 2005ರ ಗ್ರಾಮೀಣ ಆರೋಗ್ಯ ಅಭಿಯಾನದಲ್ಲಿ ಸುಮಾರು ಸಾವಿರ ಜನಸಂಖ್ಯೆಗೆ ಒಬ್ಬರಂತೆ ಅವರನ್ನು ನೇಮಿಸಿದರು. ಮೊದಲ ವರ್ಷ ಹಂತಹಂತವಾಗಿ 23 ದಿನಗಳ ತರಬೇತಿ. ರಾಜ್ಯದವರು ಜಿಲ್ಲೆಯವರಿಗೆ, ಜಿಲ್ಲೆಯವರು ಕೆಳಗಿನವರಿಗೆ, ಅವರು ಆಶಾಗಳಿಗೆ. ಮೇಲಿನಿಂದ ಕೆಳಕ್ಕೆ ಒಂದೊಂದು ಕೈ ದಾಟುವಾಗ ಮಾತು ಉಳಿಯುತ್ತದೆ, ಮಾಡಿಸುವುದು ಬಿಟ್ಟುಹೋಗುತ್ತದೆ. ಮೇಲಿನವರು ತೂಕದ ಯಂತ್ರ ಹಿಡಿದು ಕಲಿತಿರುತ್ತಾರೆ, ಕೆಳಗಿನವರಿಗೆ ಅದರ ಚಿತ್ರ ಸಿಗುತ್ತದೆ. ಆದ್ದರಿಂದ ಕಲಿಸುವ ತರಬೇತಿ ಪ್ರೊಫೆಸರುಗಳಿಗೆ ಮಾತ್ರ ಸಾಲದು. ಆಶಾಗೆ ಕಲಿಸುವ ನರ್ಸಿಗೂ ಬೇಕು, ಊರಿಗೆ ಕಲಿಸುವ ಆಶಾಗೂ ಬೇಕು, ಮಾತ್ರೆ ಕೊಡುವ ಫಾರ್ಮಸಿಯವರಿಗೂ ಬೇಕು. ಆರೋಗ್ಯ ಕೇಂದ್ರದ ವೈದ್ಯರ ಕಷ್ಟವೂ ನಮಗೆ ಕಾಣುತ್ತದೆ. ಬಾಗಿಲ ತನಕ ಸಾಲು ನಿಂತಿರುವಾಗ ಒಬ್ಬೊಬ್ಬರಿಗೂ ಕಾಲು ಗಂಟೆ ಪಾಠ ಮಾಡಿ ಅಂದರೆ ಆಗದ ಮಾತು. ಆದರೆ ಒಂದು ವಿಷಯ ಹೇಳಿ, ಅದನ್ನು ತಿರುಗಿ ಹೇಳಿಸಲು ಒಂದು ನಿಮಿಷ ಸಾಕು.

ಇನ್ನು ಪಾಠ ಊರಿಗೆ ತಕ್ಕ ಹಾಗಿರಬೇಕು. ನಮ್ಮ ನಾಲ್ಕು ತಾಲ್ಲೂಕು ಅಕ್ಕಪಕ್ಕ ಇದ್ದರೂ ಒಂದೇ ಥರ ಇಲ್ಲ. ಶ್ರೀರಂಗಪಟ್ಟಣ, ಪಾಂಡವಪುರದ ನಾಲಾ ಬಯಲಿನ ಊರುಗಳಲ್ಲಿ "ನೀರು ಕಾಯಿಸಿ ಆರಿಸಿ ಕುಡಿಯಿರಿ" ಅನ್ನುವುದು ಸರಿಯಾದ ಪಾಠ. ಕಾಯಿಸಿದರೆ ರೋಗಾಣು ಸಾಯುತ್ತವೆ. ನಾಗಮಂಗಲದ ಕಡೆ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಇರುವ ಊರಿಗೆ ಅದೇ ಪಾಠ ಒಂದೇ ಸಾಲದು. ಎಷ್ಟು ಕಾಯಿಸಿದರೂ ಫ್ಲೋರೈಡ್ ಹೋಗುವುದಿಲ್ಲ. ಅಲ್ಲಿ ಹೇಳಬೇಕಾದ್ದು ಯಾವ ನೀರು ಕುಡಿಯಲು, ಯಾವುದು ತೊಳೆಯಲು, ನೀರನ್ನು ಎಲ್ಲಿ ಪರೀಕ್ಷೆ ಮಾಡಿಸಬೇಕು, ಶುದ್ಧೀಕರಣ ಘಟಕ ಕೆಟ್ಟರೆ ಯಾರನ್ನು ಕೇಳಬೇಕು ಅನ್ನುವುದು. ಒಂದೇ ಚೀಟಿ ಓದಿಕೊಂಡು ನಾಲ್ಕೂ ಕಡೆ ಹೋದವರು ಇದನ್ನು ತಿಳಿಯುವುದಿಲ್ಲ.

ಹೇಮಾವತಿ ನಾಲೆಯ ಕೆ.ಆರ್. ಪೇಟೆ ಕಡೆಯಾಗಲಿ, ನಮ್ಮ ಕಬ್ಬಿನ ಗದ್ದೆಯಾಗಲಿ, ಹಾವಿನ ಕಾಟ ಎಲ್ಲರಿಗೂ ಗೊತ್ತು. 2024ರಲ್ಲಿ ಕರ್ನಾಟಕ ಸರ್ಕಾರ ಹಾವು ಕಡಿತದ ಪ್ರಕರಣಗಳನ್ನೆಲ್ಲ ಆಸ್ಪತ್ರೆಗಳು ವರದಿ ಮಾಡಲೇಬೇಕು ಅಂತ ಮಾಡಿತು. ಬಿಗಿಯಾಗಿ ಹಗ್ಗ ಕಟ್ಟಬೇಡಿ, ಕೊಯ್ಯಬೇಡಿ, ಬಾಯಲ್ಲಿ ಹೀರಬೇಡಿ, ಕೈಕಾಲು ಅಲುಗಾಡಿಸದೆ ವಿಷ ಪರಿಹಾರದ ಔಷಧಿ ಇರುವ ಆಸ್ಪತ್ರೆಗೆ ಬೇಗ ಕರೆದೊಯ್ಯಿರಿ ಅಂತ ಗೋಡೆಯ ಮೇಲೆ ಬರೆದಿರುತ್ತಾರೆ. ಗೋಡೆ ಬರಹ ಓದಿದವನೂ ರಾತ್ರಿ ಗಾಬರಿಯಲ್ಲಿ ಮೊದಲು ಹುಡುಕುವುದು ಹಗ್ಗವನ್ನೇ. ಇದನ್ನು ಕಲಿಸುವವರು ನಮ್ಮ ಹುಡುಗರ ಕೈಗೆ ಎರಡು ಬಿದಿರು ದಬ್ಬೆ, ಒಂದು ಟವೆಲ್ ಕೊಟ್ಟು ಕಾಲಿಗೆ ಸಡಿಲವಾಗಿ ಆಸರೆ ಕಟ್ಟುವುದನ್ನು ಮಾಡಿಸಬೇಕು. ಆಗ ಕೈಗೆ ಬರುತ್ತದೆ.

ನಮಗೆ ಗೊತ್ತಿರುವುದರಿಂದ ಗೊತ್ತಿಲ್ಲದ್ದಕ್ಕೆ ಕರೆದುಕೊಂಡು ಹೋಗಬೇಕು. ಓ.ಆರ್.ಎಸ್. ಒಂದು ಪೊಟ್ಟಣಕ್ಕೆ ಒಂದು ಲೀಟರ್ ನೀರು. ಕಡಿಮೆ ನೀರಿಗೆ ಕಲಸಿದರೆ ಮಗುವಿಗೆ ಅಪಾಯ. ನಮ್ಮ ಹೆಂಗಸರು ದಿನಾ ಎರಡು ಹೊತ್ತು ಡೇರಿಗೆ ಹಾಲು ಅಳೆದು ಹಾಕುವವರು. ಲೀಟರ್ ಅಂದರೆ ಅವರಿಗೆ ಕಣ್ಣಳತೆ. "ಡೇರಿಯ ಲೀಟರ್ ಅಳತೆಯಷ್ಟು ನೀರು" ಅಂದರೆ ಸಾಕು, ಜನ್ಮದಲ್ಲಿ ಮರೆಯುವುದಿಲ್ಲ. ಇದನ್ನು ನಮಗೆ ಹೇಳಿದವರು ಒಬ್ಬ ನರ್ಸಮ್ಮ. ಅವರೇ ಬಸುರಿಯರಿಗೆ ಕಬ್ಬಿಣದ ಮಾತ್ರೆ ಕೊಡುವಾಗ, "ನುಂಗ್ರವ್ವ" ಅಂದು ಸುಮ್ಮನಾಗುವುದಿಲ್ಲ. ಮೊದಲು "ಈ ಮಾತ್ರೆ ಬಗ್ಗೆ ನಿಮ್ಮತ್ತೆ ಏನಂತಾರೆ?" ಅಂತ ಕೇಳುತ್ತಾರೆ. ಉಷ್ಣ ಅಂತಾರೆ, ಮಗು ಕಪ್ಪಾಗುತ್ತೆ ಅಂತಾರೆ ಅಂತ ಮಾತು ಹೊರಗೆ ಬರುತ್ತದೆ. ಆಮೇಲೆ ಹೇಳುತ್ತಾರೆ: ಮಲ ಕಪ್ಪಗಾಗುವುದು ನಿಜ, ಅದರಿಂದ ಭಯವಿಲ್ಲ, ಮಗುವಿನ ಬಣ್ಣಕ್ಕೂ ಇದಕ್ಕೂ ಸಂಬಂಧವಿಲ್ಲ, ಊಟವಾದ ಮೇಲೆ ನುಂಗಿದರೆ ಹೊಟ್ಟೆ ತೊಳಸುವುದು ಕಡಿಮೆ. ಅತ್ತೆಯನ್ನೂ ಕರೆದು ಕೂರಿಸಿಕೊಳ್ಳುತ್ತಾರೆ. ಜನರ ನಂಬಿಕೆಯನ್ನು ಮೊದಲು ಕೇಳಿಸಿಕೊಳ್ಳುವವರ ಮಾತನ್ನು ಜನ ಕೇಳುತ್ತಾರೆ.

ಕಲಿಸುವುದು ಒಮ್ಮುಖ ರಸ್ತೆಯೂ ಅಲ್ಲ. ಬಿಟ್ಟುಬಿಟ್ಟು ಬರುವ ಜ್ವರ, ಕೀಲು ನೋವು ಅಂತ ಬಂದ ರೈತನನ್ನು "ಮನೆಯಲ್ಲಿ ಹಸು ಕಂದು ಹಾಕಿದ್ದವಾ? ಬರಿಗೈಯಲ್ಲಿ ಮಾಸು ಎಳೆದಿದ್ದಿರಾ? ಹಸಿ ಹಾಲು ಕುಡಿಯುತ್ತೀರಾ?" ಅಂತ ಕೇಳಬೇಕೆಂದು ಎಳೆಯ ಡಾಕ್ಟರಿಗೆ ಹೊಳೆಯಬೇಕಾದರೆ ಅವರು ಕೊಟ್ಟಿಗೆ ನೋಡಿರಬೇಕು. ಕಂದು ರೋಗ ದನದಿಂದ ಮನುಷ್ಯರಿಗೂ ಬರುತ್ತದೆ. ಪುಸ್ತಕದಲ್ಲಿ ಅದು ಒಂದು ಪುಟ, ನಮ್ಮಲ್ಲಿ ಅದು ದಿನದ ಬದುಕು. "ಹೊಟ್ಟೆ ಕಳಕ್ತದೆ", "ತಲೆ ದಿಮ್ ಅಂತದೆ", "ಎದೆ ಹಿಡ್ಕಂಡಂಗಾಯ್ತದೆ" ಅನ್ನುವ ಮಾತುಗಳನ್ನು ಅವರಿಗೆ ಕಲಿಸುವ ಮೇಷ್ಟ್ರು ನಾವೇ.

ಆದ್ದರಿಂದ ಈ ಬೆಳ್ಳಿ ಹಬ್ಬದ ನೆಪದಲ್ಲಿ ಆಡಳಿತ ಮಂಡಳಿಯ ಮುಂದೆ, ಸದಸ್ಯರ ಮುಂದೆ ಕೆಲವು ಸಲಹೆ ಇಡುತ್ತೇವೆ.

ಒಂದನೆಯದು, ತಿಂಗಳಿಗೊಮ್ಮೆ ಹಾಲಿನ ಬಟವಾಡೆ ದಿನ ಸಂಘದ ಸಭಾಂಗಣವನ್ನು ಅರ್ಧ ಗಂಟೆ ಆರೋಗ್ಯ ಪಾಠಕ್ಕೆ ಬಿಟ್ಟುಕೊಡೋಣ. ಒಂದು ದಿನಕ್ಕೆ ಒಂದೇ ವಿಷಯ. ಭಾಷಣ, ಹಾರ, ಶಾಲು ಯಾವುದೂ ಬೇಡ. ಪಾಠ ಮುಗಿದ ಮೇಲೆ ಸದಸ್ಯರಲ್ಲಿ ಇಬ್ಬರು ಎದ್ದು ಮಾಡಿ ತೋರಿಸಬೇಕು.

ಎರಡನೆಯದು, ದತ್ತು ಕುಟುಂಬದ ಕಾರ್ಯಕ್ರಮಕ್ಕೆ ಮನೆ ಕೊಡಲು ಇಷ್ಟವಿರುವವರು ಕಾರ್ಯದರ್ಶಿಯವರ ಹತ್ತಿರ ಹೆಸರು ಬರೆಸಿ. ಬಂದ ಮಕ್ಕಳು ಇನ್ನೂ ಕಲಿಯುತ್ತಿರುವವರು. ಅವರ ಹತ್ತಿರ ಮಾತ್ರೆ, ಇಂಜೆಕ್ಷನ್ ಕೇಳಬೇಡಿ. ಕುಡಿತ, ಬೀಡಿ, ಬಿಟ್ಟ ಮಾತ್ರೆ ಯಾವುದನ್ನೂ ಮುಚ್ಚಿಡದೆ ನಿಜ ಹೇಳಿ. ಒಂದು ಲೋಟ ಮಜ್ಜಿಗೆ ಕೊಡಿ. ಅರ್ಥವಾಗದಿದ್ದರೆ "ಅರ್ಥ ಆಗ್ಲಿಲ್ಲ ಕಣವ್ವ" ಅಂತ ಮುಖಕ್ಕೇ ಹೇಳಿ. ಅವರಿಗೆ ಅದಕ್ಕಿಂತ ದೊಡ್ಡ ಪಾಠ ಇಲ್ಲ.

ಮೂರನೆಯದು, ಆಸ್ಪತ್ರೆಯಲ್ಲಿ ಡಾಕ್ಟರು ಕೇಳದಿದ್ದರೂ ನಾವೇ ತಿರುಗಿ ಹೇಳುವ ಅಭ್ಯಾಸ ಮಾಡಿಕೊಳ್ಳೋಣ. "ಸಾರ್, ಹಿಂಗಂದ್ರಲ್ಲ, ಸರೀನಾ?" ಅಂತ. ಬಾಯಿದ್ದವನು ಬರಗಾಲದಲ್ಲೂ ಬದುಕಿದ ಅನ್ನುವ ಗಾದೆ ಆಸ್ಪತ್ರೆಗೂ ಅನ್ವಯಿಸುತ್ತದೆ. ಹೆದರಿ ತಲೆ ಆಡಿಸಿ ಬರುವುದು ಮರ್ಯಾದೆ ಅಲ್ಲ.

ನಾಲ್ಕನೆಯದು ನಮ್ಮ ಜಿಲ್ಲೆಯ ವೈದ್ಯಕೀಯ, ನರ್ಸಿಂಗ್ ಕಾಲೇಜುಗಳಿಗೆ ಒಂದು ವಿನಂತಿ. ನಿಮ್ಮ ಅಧ್ಯಾಪಕರ ತರಬೇತಿಯ ಒಂದು ದಿನವನ್ನು ಹಳ್ಳಿಯಲ್ಲಿ ಇಡಿ. ಸಣ್ಣ ಪಾಠವನ್ನು ನಿಮ್ಮ ನಿಮ್ಮಲ್ಲೇ ಮಾಡಿ ಗುರುತು ಹಾಕಿಕೊಳ್ಳುವುದರ ಜೊತೆಗೆ, ನಮ್ಮ ಊರಿನ ಒಬ್ಬ ತಾಯಿಯನ್ನೂ ಒಬ್ಬ ರೈತನನ್ನೂ ಚೀಟಿ ಕೊಟ್ಟು ಕೂರಿಸಿ. ಬರೆಯಲು ಬಾರದಿದ್ದರೆ ಬಾಯಲ್ಲಿ ಹೇಳುತ್ತಾರೆ. ನಮ್ಮ ಸಂಘದಲ್ಲಿ ಯಾರೇ ಆಗಲಿ "ನಮ್ಮ ಹಾಲು ಗಟ್ಟಿ" ಅಂದರೆ ಒಪ್ಪುವುದಿಲ್ಲ. ಅಧ್ಯಕ್ಷರ ಮನೆ ಹಾಲಿಗೂ ಪರೀಕ್ಷೆ ಆಗುತ್ತದೆ, ಜಿಡ್ಡಿನಂಶ ನೋಡಿಯೇ ರೇಟು ಬೀಳುತ್ತದೆ. ಪಾಠಕ್ಕೂ ಅಂಥ ಪರೀಕ್ಷೆ ಬೇಕು. ಅದು ನಡೆಯಬೇಕಾದ್ದು ಕೇಳಿದವರ ಮನೆಯಲ್ಲಿ, ಹದಿನೈದು ದಿನ ಬಿಟ್ಟು. ಆ ಜಾಗ ಕೊಡಲು ನಮ್ಮ ಸಂಘ ತಯಾರಿದೆ. ನಾಲ್ಕು ತಾಲ್ಲೂಕಿನ ಸಂಘಗಳವರೂ ಇದಕ್ಕೆ ಸೇರಿದರೆ ಮಳ್ಳೂರಿನವರು 1973ರಲ್ಲಿ ಮಾಡಿದ ಕೆಲಸದ ಜೊತೆ ನಮ್ಮದೂ ಒಂದು ಹೆಜ್ಜೆ ಆಗುತ್ತದೆ.

ಮುಂದಿನ ಸಾಲಿನ ಮಕ್ಕಳೇ, ನೀವು ನಾಳೆ ಎಲ್ಲೆಲ್ಲಿಗೋ ಹೋಗುವವರು. ಹೋದ ಕಡೆ ನಿಮ್ಮ ಕೈಕೆಳಗೆ ನರ್ಸುಗಳಿರುತ್ತಾರೆ, ಕಿರಿಯ ಡಾಕ್ಟರುಗಳಿರುತ್ತಾರೆ, ನಮ್ಮಂಥ ರೋಗಿಗಳಿರುತ್ತಾರೆ. ಎಲ್ಲರಿಗೂ ನೀವು ಮೇಷ್ಟ್ರೇ. ಈ ಊರಿನಲ್ಲಿ ಇರುವಷ್ಟು ದಿನ ನಮ್ಮ ಮೇಲೆ ಕಲಿಸುವುದನ್ನು ಕಲಿಯಿರಿ. ನಾವೂ ಕಲಿಯುತ್ತೇವೆ.

 ಸಂಜೆ ಹಾಲು ಕರೆಯುವ ಹೊತ್ತಾಗುತ್ತಿದೆ, ಅದಕ್ಕೆ ಮೊದಲು ಶಿಬಿರದಲ್ಲಿ ಎಲ್ಲರೂ ಬಿ.ಪಿ., ಸಕ್ಕರೆ ಪರೀಕ್ಷೆ ಮಾಡಿಸಿಕೊಳ್ಳಿ. ಮಾಡಿಸಿಕೊಂಡವರು ಅಲ್ಲಿ ಏನು ಹೇಳಿದರು ಅಂತ ಹೊರಗೆ ಬಂದು ಪಕ್ಕದವರಿಗೆ ಒಂದು ಸಲ ಹೇಳಿ.

ಜೈ ಹಿಂದ್. ಜೈ ಕರ್ನಾಟಕ. ಜೈ ಸಹಕಾರ.